ದನಿ ಸೋಸುವ ತಂತಿ

ಅಂದು ಬೆಳಿಗ್ಗೆ ನಾನು ನೀರು ಸೋಸುತ್ತಿದ್ದೆ. ಕೊಡದ ಬಾಯಿಗೆ ದಪ್ಪ ಬಿಳಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹೊದಿಸಿ, ಹಿತ್ತಲ ಬಾವಿಯಿಂದ ಸೇದಿದ ನೀರನ್ನು ಸಣ್ಣ ಧಾರೆಯಲ್ಲಿ ಹೊಯ್ಯುವಾಗ ಪಡಸಾಲೆಯಲ್ಲಿ ಫೋನು ಬಾರಿಸಿತು. ಬಾರಿಸಿ ಸುಮ್ಮನಾಯಿತು, ಮತ್ತೆ ಬಾರಿಸಿತು. ನಮ್ಮವರು ಅದರ ಮಗ್ಗುಲಲ್ಲೇ ಕೂತು ಪೇಪರು ಓದುತ್ತಿದ್ದರು. ಪುಟ ತಿರುವಿದರೇ ಹೊರತು ಫೋನಿನ ಕಡೆ ತಿರುಗಲಿಲ್ಲ. ಅದು ಅವರ ತಪ್ಪಲ್ಲ. ಹುಡುಗರಾಗಿದ್ದಾಗಿನಿಂದ ಪವರ್‌ಲೂಮಿನ ಸದ್ದಿನಲ್ಲಿ ನಿಂತವರು. ಈಗ ಮಗ್ಗಗಳನ್ನು ಶಿವಪ್ಪನೆಂಬುವನಿಗೆ ನಡೆಸಲು ಕೊಟ್ಟು ಮನೆಯಲ್ಲಿ ಕೂತಿದ್ದಾರೆ. ಅವರು ಮನೆಗೆ ಬಂದರು, ಕಿವಿ ಮಾತ್ರ ಮಗ್ಗದ ಶೆಡ್ಡಿನಲ್ಲೇ ಉಳಿಯಿತು.

ಜೈನರ ಮನೆಯಲ್ಲಿ ನೀರು ಸೋಸುವುದನ್ನು ನಡುವೆ ಬಿಡಬಾರದು ಎಂದು ನಮ್ಮ ಅತ್ತೆಯವರು ಹೇಳುತ್ತಿದ್ದರು. ಆದರೂ ಕೈ ಒರೆಸಿಕೊಂಡು ಓಡಿದೆ. ಕೊಲ್ಲಾಪುರದ ಸರ್ ಮಾತಾಡಿದರು. ಅವರು ಕಾಲೇಜಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಈ ಭಾಗದ ಹವ್ಯಾಸಿ ರೇಡಿಯೋದವರನ್ನೆಲ್ಲ ಸಂಜೆ ಸಂಜೆ ಗಾಳಿಯಲ್ಲೇ ಒಂದು ಕಡೆ ಕೂಡಿಸಿ ಹಾಜರಿ ಹಾಕಿಕೊಳ್ಳುತ್ತಾರೆ. ಯಡ್ರಾವದಿಂದ ನಮ್ಮವರೂ ಆ ಗುಂಪಿನವರು. ಅಲ್ಲಿಯವರಿಗೆ ಅವರು ದಾದಾ, ನಾನು ವೈನೀ, ಅಂದರೆ ಅಣ್ಣ, ಅತ್ತಿಗೆ. ಸರ್ ಹೇಳಿದ್ದು ಇಷ್ಟು: ಕೆಲವು ವಾರಗಳಿಂದ ನಮ್ಮವರ ದನಿಯ ಮೇಲೆ ಗುಂಯ್ ಎನ್ನುವ ಸದ್ದು ಕೂತಿದೆ, ಮಾತು ತಿಳಿಯುತ್ತಿಲ್ಲ. ಮಳೆಗಾಲ ಬಂತು. ಹೊಳೆ ಏರಿ ಮೊಬೈಲು ಸತ್ತಾಗ ಯಾವ ಊರಿನಿಂದ ಯಾರು ಮಾತಾಡಬೇಕು ಎಂದು ಈ ಭಾನುವಾರ ಸಂಜೆ ಗೊತ್ತು ಮಾಡುತ್ತಾರೆ. ಅಷ್ಟರಲ್ಲಿ ದನಿ ಸರಿಹೋಗದಿದ್ದರೆ ಈ ಮಳೆಗಾಲಕ್ಕೆ ದಾದಾ ಬರೀ ಕೇಳಲಿ, ಮಾತಾಡಲು ಇಚಲಕರಂಜಿಯ ಇನ್ನೊಬ್ಬರನ್ನು ಕೂರಿಸುತ್ತೇನೆ, ಎಂದರು. ಕೊನೆಗೆ ಮೆತ್ತಗೆ, "ದಾದಾಂನಾ ವಾಈಟ ವಾಟೂ ದೇಊ ನಕಾ, ವೈನೀ" ಎಂದರು. ದಾದಾನ ಮನಸ್ಸಿಗೆ ಬೇಜಾರಾಗದಂತೆ ಹೇಳಬೇಕಂತೆ.

ಬೇಜಾರಾಗದಂತೆ ಹೇಳಬೇಕಾದರೆ ಮೆಲ್ಲಗೆ ಹೇಳಬೇಕು. ನಮ್ಮ ಮನೆಯಲ್ಲಿ ಮೆಲ್ಲಗೆ ಹೇಳುವ ಅನುಕೂಲವಿಲ್ಲ. ಅವರ ಕಿವಿಯ ಹತ್ತಿರ ಬಾಗಿ, "ನಿಮ್ಮ ದನಿ ಯಾರಿಗೂ ಕೇಳಸವಲ್ದಂತ್ರಿ" ಎಂದು ಕೂಗಿದೆ. ಅವರಿಗಿಂತ ಮೊದಲು ಎದುರುಮನೆಯವರು ಕಿಟಕಿಯಲ್ಲಿ ಇಣುಕಿದರು. ನಮ್ಮವರು ಪೇಪರು ಮಡಚಿದರು. ಎರಡನೆಯ ಸಲ ಕೂಗಬೇಕಾಗಲಿಲ್ಲ. ಅದೂ ಒಂದು ದಯೆಯೇ.

ಹೊರಗಿನವರಿಗೆ ಈ ರೇಡಿಯೋ ಎಂದರೆ ನಗು. ಹಾಡು ಬರುವುದಿಲ್ಲ, ಸುದ್ದಿ ಬರುವುದಿಲ್ಲ. ಮೇಜಿನ ಮೇಲೆ ಒಂದು ಕರಿ ಡಬ್ಬಿ, ಮಾಳಿಗೆಯ ಮೇಲೆ ಒಂದು ಕೋಲು. ಸರಕಾರದ ಪರೀಕ್ಷೆ ಕಟ್ಟಿ ಲೈಸೆನ್ಸು ತಗೊಂಡು, ಚಂದಗಡದಲ್ಲಿ ಮಳೆ ಹೇಗಿದೆ, ಮುರಗೂಡದಲ್ಲಿ ಮೋಡ ಆಗಿದೆಯೇ ಎಂದು ಒಬ್ಬರನ್ನೊಬ್ಬರು ಕೇಳುವುದು. ಇದನ್ನು ಕೇಳಲು ಫೋನು ಸಾಲದೇ ಎಂದು ನಾನೂ ಬಹಳ ವರ್ಷ ಗೊಣಗಿದ್ದೇನೆ. ಆಮೇಲೆ ಒಂದು ಮಹಾಪೂರ ಬಂತು. ಗಡಹಿಂಗ್ಲಜದಲ್ಲಿ ನನ್ನ ತಂಗಿ ಸುಮನ್ ಇದ್ದಾಳೆ. ಅಲ್ಲಿ ಹಿರಣ್ಯಕೇಶಿ ಏರಿತ್ತು, ಇಲ್ಲಿ ಪಂಚಗಂಗೆ ಏರಿತ್ತು, ನಡುವೆ ರಸ್ತೆ ಇರಲಿಲ್ಲ, ಫೋನು ಇರಲಿಲ್ಲ. ನಾನು ಣಮೋಕಾರ ಮಂತ್ರ ಜಪಿಸುತ್ತ ಈ ಕರಿ ಡಬ್ಬಿಯ ಮುಂದೆ ಕೂತಿದ್ದೆ. ತಂಗಿಯ ಗಂಡ ಬಾಳಗೌಡನೂ ಇದೇ ಹುಚ್ಚಿನವನು. ಸಾಡೂ ಸಾಡೂ, ಅಂದರೆ ಷಡ್ಡಕರಿಬ್ಬರೂ, ಸೇರಿ ಕಲಿತ ವಿದ್ಯೆ ಅದು. ಅವನ ದನಿ ಬಂತು. ಎಲ್ಲರೂ ಶಾಲೆಯ ಮಾಳಿಗೆಗೆ ಬಂದಿದ್ದೇವೆ, ಸುಮನ್ ಉಪ್ಪಿಟ್ಟು ಮಾಡುತ್ತಿದ್ದಾಳೆ, ಎಂದ. ಆ ಉಪ್ಪಿಟ್ಟಿನ ಸುದ್ದಿ ಕೇಳಿದ ಮೇಲೆ ನಾನು ಗೊಣಗುವುದನ್ನು ಬಿಟ್ಟೆ.

ಆದರೆ ನಮ್ಮವರಿಗೆ ರೇಡಿಯೋ ಬೇಕಾಗಿರುವುದು ಮಹಾಪೂರಕ್ಕೊಂದೇ ಅಲ್ಲ. ಮದುವೆ ಮುಂಜಿಯಲ್ಲಿ ಅವರು ಒಂದು ಮೂಲೆಯ ಕುರ್ಚಿ ಹಿಡಿದು ಎಲ್ಲರಿಗೂ ನಗುತ್ತಾರೆ. ಏನು ಕೇಳಿದರೂ ನಗುತ್ತಾರೆ. ಒಮ್ಮೆ ಒಬ್ಬರು ತಮ್ಮ ತಾಯಿ ತೀರಿಕೊಂಡ ಸುದ್ದಿ ಹೇಳಿದಾಗಲೂ ನಕ್ಕರು. ಅಂದಿನಿಂದ ನಗುವುದನ್ನೂ ಕಡಿಮೆ ಮಾಡಿದ್ದಾರೆ. ಕಿವಿಯ ಯಂತ್ರ ತರಿಸಿ ನೋಡಿದೆವು. ಅದು ಮಾತಿನ ಜೊತೆ ಪಾತ್ರೆ, ಫ್ಯಾನು, ಸ್ಕೂಟರು ಎಲ್ಲವನ್ನೂ ಒಟ್ಟಿಗೆ ತಂದು ತಲೆಯಲ್ಲಿ ಸುರಿಯುತ್ತದೆಂದು ತೆಗೆದಿಟ್ಟರು. ರೇಡಿಯೋದಲ್ಲಿ ಹಾಗಲ್ಲ. ಎರಡೂ ಕಿವಿ ಮುಚ್ಚುವ ದೊಡ್ಡ ಹೆಡ್‌ಫೋನು ಹಾಕಿ ಬೇಕಾದಷ್ಟು ಏರಿಸಿಕೊಳ್ಳಬಹುದು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವುದಿಲ್ಲ. ತಿಳಿಯದಿದ್ದರೆ ಮತ್ತೊಮ್ಮೆ ಹೇಳಿ ಎನ್ನುವುದು ಅಲ್ಲಿ ಅವಮಾನವಲ್ಲ, ಪದ್ಧತಿ. ಇಂಥ ಶಿಸ್ತು ಬೀಗರ ಮನೆಗಳಲ್ಲಿ ಇದ್ದಿದ್ದರೆ ಎಷ್ಟೋ ಸಂಸಾರ ಉಳಿಯುತ್ತಿದ್ದವು. ಆ ಸಂಜೆಯ ಹೊತ್ತು ಮಾತ್ರ ನಮ್ಮವರು ಕಿವುಡರಲ್ಲ. ಅಲ್ಲಿ ಅವರನ್ನು ಹೆಸರು ಹಿಡಿದು ಕರೆಯುತ್ತಾರೆ, ಹೊಳೆಯ ನೀರು ಎಲ್ಲಿಗೆ ಬಂತು ದಾದಾ ಎಂದು ಕೇಳುತ್ತಾರೆ, ಉತ್ತರಕ್ಕೆ ಕಾಯುತ್ತಾರೆ. ಅವರ ಉತ್ತರಕ್ಕೆ ಯಾರಾದರೂ ಕಾಯುವ ಜಾಗ ಲೋಕದಲ್ಲಿ ಅದೊಂದೇ ಉಳಿದಿದೆ. ಬರೀ ಕೇಳಲಿ ಎಂದರೆ ಅವರನ್ನು ಮತ್ತೆ ಮೂಲೆಯ ಕುರ್ಚಿಗೆ ಕಳಿಸಿದಂತೆ.

ಗುಂಯ್ ಸದ್ದಿನ ಮೂಲ ನಮಗೆ ಗೊತ್ತಿತ್ತು. ಮನೆಯ ಗೋಡೆಗೆ ಅಂಟಿಕೊಂಡೇ ಶೆಡ್ಡು. ಶಿವಪ್ಪ ಮಗ್ಗ ಹಚ್ಚಿದರೆ ಸದ್ದು ಬರುತ್ತದೆ, ನಿಲ್ಲಿಸಿದರೆ ಹೋಗುತ್ತದೆ. ಬಾಳಗೌಡನಂತೂ ಹಿಂದಿನ ವಾರವೇ ಚೇಷ್ಟೆ ಮಾಡಿದ್ದನಂತೆ: "ಅಣ್ಣಾರ, ನೀವು ಸ್ವಲ್ಪ ಸುಮ್ಮನ ಇರ್ರಿ, ನಿಮ್ಮ ಮಗ್ಗ ಏನೋ ಹೇಳಾಕತ್ತಾವ." ಇವರು ನಕ್ಕು ಬಿಟ್ಟಿದ್ದರು. ನಗುವ ಮಾತಲ್ಲ ಎಂದು ಈಗ ತಿಳಿಯಿತು.

ಶಿವಪ್ಪ ವಿಜಯಪುರದ ಕಡೆಯಿಂದ ಬಂದವನು, ಒಳ್ಳೆಯ ಮನುಷ್ಯ. ಎದುರುಮನೆಯ ಕಿಟಕಿಯಿಂದ ಸುದ್ದಿ ಅವನಿಗೂ ಮುಟ್ಟಿತ್ತು. ಮಧ್ಯಾಹ್ನ ಬಾಗಿಲಲ್ಲಿ ನಿಂತು ನನ್ನ ಹತ್ತಿರ ಉಪಾಯ ಹೇಳಿದ: "ಅವ್ವಾರ, ಐತವಾರ ಸಂಜೀಕ ಅರ್ಧಾ ತಾಸು ಮಗ್ಗ ಬಂದ್ ಇಡ್ತೀನಿ. ಸಾವ್ಕಾರ್ರು ಪಾಸ್ ಆಗ್ಲಿ." ನನಗೂ ಅದು ಸರಿ ಎನಿಸಿತ್ತು, ಸುಳ್ಳೇಕೆ ಹೇಳಲಿ. ಇವರಿಗೆ ಕೂಗಿ ಹೇಳಿದೆ. ಇವರು ತಲೆ ಅಲ್ಲಾಡಿಸಿದರು. "ಪರೀಕ್ಷಾಕ್ಕ ಮಗ್ಗ ನಿಂದ್ರಿಸಿದಿ, ಹೊಳಿ ಬಂದ ದಿನಾ ಏನ್ ಮಾಡ್ತಿ? ಹೊಳಿ ನಿನ್ನ ಸೂಟಿ ನೋಡಿ ಬರ್ತೈತೇನು?" ಎಂದು ಶಿವಪ್ಪನಿಗೇ ಕೇಳಿದರು. ಶಿವಪ್ಪ ತಲೆ ಕೆರೆದುಕೊಂಡು ಹೋದ. ನಾನು ಒಳಗೆ ಹೋಗಿ ಜಿನಪ್ರತಿಮೆಯ ಮುಂದೆ ಕೈ ಮುಗಿದೆ. ಅಡ್ಡದಾರಿಯ ಯೋಚನೆ ನನಗೆ ಬಂದಾಗ ಇವರಿಗೆ ಬರಲಿಲ್ಲವಲ್ಲ, ಅದನ್ನು ಅವತ್ತಿನ ದಯೆಯ ಲೆಕ್ಕಕ್ಕೆ ಹಿಡಿದೆ.

ಆಮೇಲೆ ಇವರು ನನಗೆ ತಂತಿಯ ವಿಷಯ ತಿಳಿಸಿ ಹೇಳಿದರು. ಕೇಳುವ ತಂತಿ ಬೇರೆ, ಮಾತಾಡುವ ತಂತಿ ಬೇರೆ. ಹೆಡ್‌ಫೋನಿನ ತಂತಿ ರೇಡಿಯೋ ಸೆಟ್ಟಿನ ಹಿಂದೆ ಹೋಗುತ್ತದೆ. ಅದರಲ್ಲಿ ಬರುವ ದನಿ ಬೆಳೆದ ದನಿ, ಗಟ್ಟಿಮುಟ್ಟು, ಯಾವ ತಂತಿಯಲ್ಲಾದರೂ ಬಂದೀತು. ಆದರೆ ಮೈಕಿನಿಂದ ಹೊರಡುವ ದನಿ ಹಸುಗೂಸು. ಸೆಟ್ಟಿನೊಳಗೆ ಹೋಗಿ ಬಲಿಯುವ ತನಕ ಅದನ್ನು ಹೊದಿಸಿ ಕರೆದುಕೊಂಡು ಹೋಗಬೇಕು. ಹೊದಿಕೆ ಇಲ್ಲದಿದ್ದರೆ ಗೋಡೆಯೊಳಗಿನ ಕರೆಂಟು, ಪಕ್ಕದ ಮೋಟಾರು ಎಲ್ಲ ಅದರ ಮೈಮೇಲೆ ಬೀಳುತ್ತವೆ. ಸೆಟ್ಟು ಕೂಸನ್ನು ದೊಡ್ಡದು ಮಾಡುವಾಗ ಮೈಮೇಲಿನ ಕೊಳೆಯನ್ನೂ ದೊಡ್ಡದು ಮಾಡುತ್ತದೆ. ಹಾಗಾದರೆ ನಿಮ್ಮ ಕೂಸಿಗೆ ಏನು ಹೊದಿಸಿದ್ದೀರಿ ಎಂದು ಕೇಳಿದೆ. ಏನೂ ಇಲ್ಲ. ಕೆಲವು ವಾರಗಳ ಹಿಂದೆ ಹಳೆಯ ತಂತಿ ಹರಿದಾಗ ಶೆಡ್ಡಿನಲ್ಲಿ ಬಿದ್ದಿದ್ದ ಕರೆಗಂಟೆಯ ತಂತಿ ಹಚ್ಚಿದ್ದರು. ಮಗ್ಗದ ಮನೆಯವರ ಬುದ್ಧಿಯೇ ಹೀಗೆ. ಕೈಗೆ ಸಿಕ್ಕ ಎಳೆ, ಹರಿದಲ್ಲಿ ಒಂದು ಗಂಟು, ಮಗ್ಗ ನಿಲ್ಲಬಾರದು ಅಷ್ಟೇ.

ಹಾಗೆ ನೋಡಿದರೆ ಅವರ ಮೇಜೇ ಒಂದು ಕೌದಿ. ಹೆಡ್‌ಫೋನಿನ ಮೈಕಿನ ಎಳೆ, ಮಾತಾಡುವಾಗ ಒತ್ತುವ ಗುಂಡಿಯ ಎಳೆ, ಎರಡೂ ಒಂದು ತಗಡಿನ ಡಬ್ಬಿಗೆ ಬರುತ್ತವೆ. ಡಬ್ಬಿ ನನ್ನ ಏಲಕ್ಕಿಯದು. ಗುಂಡಿ ಕೈಯಲ್ಲಿದ್ದರೆ ಬರೆದುಕೊಳ್ಳಲು ತೊಂದರೆ ಎಂದು ನನ್ನ ಹೊಲಿಗೆ ಯಂತ್ರದ ಕಾಲುಗುಂಡಿಯನ್ನು ಒಯ್ದು, ಒಳಗಿನದನ್ನು ಕಿತ್ತು, ಸಾದಾ ಬಟನ್ನು ಕೂರಿಸಿದ್ದಾರೆ. ನನ್ನ ರವಿಕೆಗಳು ಈಗ ದರ್ಜಿಯ ಹತ್ತಿರ ಹೋಗುತ್ತವೆ. ಇವರು ಕಾಲು ಒತ್ತಿ ಮಾತಾಡುತ್ತಾರೆ, ಮಾತು ಮುಗಿದ ಮೇಲೂ ಕಾಲು ಎತ್ತಲು ಒಮ್ಮೊಮ್ಮೆ ಮರೆಯುತ್ತಾರೆ. ಏಲಕ್ಕಿ ಡಬ್ಬಿಯಿಂದ ಸೆಟ್ಟಿನವರೆಗೆ ಹೋಗುವ ಉದ್ದನೆಯ ತಂತಿಯೇ ನಮ್ಮ ಅಪರಾಧಿ.

ಹೊಸ ತಂತಿಗೆ ಕೊಲ್ಲಾಪುರಕ್ಕೆ ಹೋಗಬೇಕಾಯಿತು. ನಾನೂ ಹೊರಟೆ, ಅಂಗಡಿಯವನ ಮಾತು ಇವರಿಗೆ ಕೇಳಿಸಬೇಕಲ್ಲ. ಹೊರಡುವಾಗ ಸೆಟ್ಟನ್ನೇ ಜೊತೆಗೆ ತಗೊಳ್ಳಿ ಎಂದೆ. ಇವರು ಪ್ಲಗ್ಗು ಯಾವುದೆಂದು ತಮಗೆ ಗೊತ್ತು ಎಂದರು. ಗಂಡಸರು ಎಲ್ಲವನ್ನೂ ಹೀಗೆಯೇ ಗೊತ್ತು ಎನ್ನುತ್ತಾರೆ, ಆಮೇಲೆ ಹಸಿರು ಸೀರೆಗೆ ಗಿಳಿಹಸಿರು ಫಾಲ್ ತರುತ್ತಾರೆ. ಸೀರೆಯ ಬಣ್ಣವನ್ನು ನೆನಪಿಟ್ಟುಕೊಂಡು ಮ್ಯಾಚಿಂಗ್ ಸೆಂಟರಿಗೆ ಹೋದ ಹೆಂಗಸು ಇನ್ನೂ ಹುಟ್ಟಿಲ್ಲ. ಸೀರೆಯನ್ನೇ ಒಯ್ಯಬೇಕು, ಬಾಗಿಲಿನ ಬೆಳಕಿಗೆ ತಂದು ಹಿಡಿಯಬೇಕು, ಆಗಲೂ ಒಂದು ಸಲ ಮೋಸ ಹೋಗಬೇಕು. ನನ್ನ ಮ್ಯಾಚಿಂಗಿನ ಚೀಲದಲ್ಲೇ ಸೆಟ್ಟನ್ನು ಟವೆಲಿನಲ್ಲಿ ಸುತ್ತಿ ಇಟ್ಟುಕೊಂಡು ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು.

ಅಂಗಡಿಯವರು ನಮ್ಮ ವಯಸ್ಸಿನವರೇ. ನಾನು ಚೀಲ ಬಿಚ್ಚಿ ಸೆಟ್ಟನ್ನು ಮೇಜಿನ ಮೇಲೆ ಇಟ್ಟಾಗ ಕನ್ನಡಕ ಏರಿಸಿ ನೋಡಿ, "ವೈನೀ, ಸಾಡೀಚ್ಯಾ ಮ್ಯಾಚಿಂಗಲಾ ಆಣಲ್ಯಾಸಾರಖಾ ಸೆಟ್ ಆಣಲಾ ಕೀ" ಎಂದು ನಕ್ಕರು. ಸೀರೆ ತಂದಂತೆ ತಂದಿದ್ದೀರಲ್ಲ ಎಂದು. ಹೌದ್ರಿ, ಹಾಗೇ ತಂದಿದ್ದೇನೆ, ಇದಕ್ಕೆ ಹೊಂದುವ ಫಾಲ್ ಕೊಡಿ ಎಂದೆ. ಆದರೆ ತಂದದ್ದು ಒಳ್ಳೆಯದಾಯಿತು. ಎಂಟು ಕಡ್ಡಿಯ ಗುಂಡು ಪ್ಲಗ್ಗುಗಳಲ್ಲಿ ಎರಡು ಜಾತಿ ತೆಗೆದಿಟ್ಟರು. ನೋಡಲು ಅವಳಿ ಜವಳಿ. ಇವರು ಇದೇ ಎಂದು ಬೆರಳಿಟ್ಟು ತೋರಿಸಿದ್ದು ನಮ್ಮ ಸೆಟ್ಟಿನ ಬಾಯಿಯಲ್ಲಿ ಕೂರಲೇ ಇಲ್ಲ. ಕೂರದ್ದನ್ನು ಬಲವಂತದಿಂದ ಕೂರಿಸಿದ್ದರೆ ಒಳಗಿನ ಕಡ್ಡಿ ಬಾಗುತ್ತಿತ್ತು. ನಾನು ಚೀಲದ ಕಡೆ ಒಮ್ಮೆ ನೋಡಿದೆ, ಅಷ್ಟೇ.

ಪ್ಲಗ್ಗು ಕೂತರೂ ಮುಗಿಯಲಿಲ್ಲವಂತೆ. ಎಂಟು ಕಡ್ಡಿಗಳಲ್ಲಿ ಯಾವುದು ಮೈಕಿಗೆ, ಯಾವುದು ಗುಂಡಿಗೆ, ಯಾವುದು ನೆಲಕ್ಕೆ ಎನ್ನುವುದು ಒಂದೊಂದು ಕಂಪನಿಗೆ ಒಂದೊಂದು ಥರ. ನೆಲ ಎಂದರೆ ಕರೆಂಟಿನವರು ಅರ್ಥ್ ಎನ್ನುತ್ತಾರಲ್ಲ, ಅದು. ಇದು ಇವರಿಗೆ ಚೆನ್ನಾಗಿ ತಿಳಿಯುತ್ತದೆ. ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಬಾಚಣಿಗೆಯಂಥ ಮಗ್ಗದ ಫಣಿಯಲ್ಲಿ ಒಂದು ಎಳೆ ಪಕ್ಕದ ಸಂದಿಗೆ ಹೋದರೆ ಬಟ್ಟೆಯ ಇಡೀ ತಾನಿಗೆ ಗೆರೆ ಬೀಳುತ್ತದೆ, ಎಳೆಯ ತಪ್ಪು ಎಳೆಯಲ್ಲಿ ನಿಲ್ಲುವುದಿಲ್ಲ. ಇವರು ಸೆಟ್ಟಿನ ಪುಸ್ತಕ ತೆಗೆದು ಬೆರಳಿಟ್ಟು ಎಣಿಸಿದರು. ನಾನು ತಂತಿಗಳನ್ನು ನೋಡಿದೆ. ಒಂದು ಥಳಥಳ ಹೊಳೆಯುತ್ತಿತ್ತು, ಆದರೆ ಬಾಗಿಸಿದರೆ ಬಿದಿರಿನ ಕಡ್ಡಿಯಂತೆ ಸೆಟೆಯುತ್ತಿತ್ತು. ಒಳಗೆ ಒಂದೇ ದಪ್ಪ ಎಳೆ, ಹತ್ತು ಸಲ ಬಗ್ಗಿದರೆ ಮುರಿಯುವಂಥದ್ದು. ಇನ್ನೊಂದು ಕರಿಯದು, ಮೆತ್ತಗೆ, ಬೆರಳಿಗೆ ಸುತ್ತಿ ಬಿಟ್ಟರೆ ಸುತ್ತಿದ ಹಾಗೇ ಕೂರುತ್ತಿತ್ತು. ಅಂಗಡಿಯವರು ಅದರ ತುದಿ ಸೀಳಿ ತೋರಿಸಿದರು. ಒಳಗೆ ಕೆಂಪು, ಬಿಳಿ, ಹಸಿರು, ಮೂರು ಸಣ್ಣ ತಂತಿ. ಒಂದೊಂದರಲ್ಲೂ ಕೂದಲಿನಂಥ ಹಲವು ಎಳೆ. ಆ ಮೂರನ್ನೂ ಸುತ್ತಿ ತಾಮ್ರದ ಎಳೆಗಳಿಂದ ಹೆಣೆದ ಒಂದು ಜಾಳಿಗೆ. ಹೆಣೆಯುವುದೆಂದರೆ ನಮ್ಮ ಊರಿನ ಕಣ್ಣು ಅಲ್ಲೇ ನಿಲ್ಲುತ್ತದೆ. ಎಷ್ಟು ಒತ್ತಾಗಿ ಹೆಣೆದಿದ್ದರು ಎಂದರೆ ಉಗುರಿನಿಂದ ಸರಿಸಿದರೂ ಸಂದಿ ಕಾಣಲಿಲ್ಲ. ಇದೇ ಇರಲಿ ಎಂದೆ. ಪ್ಲಗ್ಗಿನ ಕಡ್ಡಿಗಳಿಗೆ ಚಿನ್ನದ ನೀರು ಕುಡಿಸಿದ್ದರು. ಮಳೆಗಾಲದ ಥಂಡಿಗೆ ಕಿಲುಬು ಹಿಡಿಯುವುದಿಲ್ಲವಂತೆ. ಮದುವೆಯಾದ ಮೇಲೆ ಇವರು ತಾವಾಗಿ ಆರಿಸಿದ ಚಿನ್ನ ಅದೊಂದೇ.

ಸೂರ್ಯ ಮುಳುಗುವ ಮೊದಲು ಊಟ ಮುಗಿಸುವ ಮನೆ ನಮ್ಮದು. ಆದ್ದರಿಂದ ಪೇಟೆಯಲ್ಲಿ ಸುತ್ತದೆ ಬಸದಿಗೆ ಹೋಗಿ ಕೈಮುಗಿದು ಹೊತ್ತಿಗೆ ಸರಿಯಾಗಿ ಯಡ್ರಾವಕ್ಕೆ ಬಂದೆವು.

ಮರುದಿನ ಇಬ್ಬರೂ ತಂತಿಯ ಕೆಲಸಕ್ಕೆ ಕೂತೆವು. ಇವರ ಕಣ್ಣಿಗೆ ಸಣ್ಣ ಎಳೆ ಕಾಣುವುದಿಲ್ಲ, ತುದಿ ಬಿಡಿಸಿ ಕೊಡು ಎಂದರು. ಅದು ನನ್ನ ಕೈಗೆ ಹೊಸದಲ್ಲ. ಮಗ್ಗದಿಂದ ಇಳಿದ ಬಟ್ಟೆಯ ಅಂಚಿನಲ್ಲಿ ನೇತಾಡುವ ದಾರಗಳನ್ನು ಪುಟ್ಟ ಕತ್ತರಿಯಿಂದ ಕತ್ತರಿಸಿ ಚೊಕ್ಕ ಮಾಡುವ ಕೆಲಸವನ್ನು ಈ ಊರಿನ ಹೆಂಗಸರೆಲ್ಲ ಮಾಡಿದ್ದೇವೆ. ಮದುವೆಯಾಗಿ ಬಂದ ವರ್ಷವೇ ಅತ್ತೆಯವರು ಕೈಗೆ ಕತ್ತರಿ ಕೊಟ್ಟಿದ್ದರು. ಒಂದು ದಾರ ಹೊರಗೆ ಇಣುಕಿದರೂ ವ್ಯಾಪಾರಿ ತಾನನ್ನು ಹಿಂದಕ್ಕೆ ನೂಕುತ್ತಾನೆ ಎಂದು ಹೇಳಿಕೊಟ್ಟಿದ್ದರು. ಅದೇ ಕತ್ತರಿ ತಂದೆ. ಕರಿ ಸಿಪ್ಪೆ ಸುಲಿದೆ. ಕೆಂಪು, ಬಿಳಿ, ಹಸಿರು ತಂತಿಗಳನ್ನು ಬೇರೆ ಮಾಡಿ ತುದಿಗಳನ್ನು ಹೊಸೆದೆ. ಕೊರಳಿನ ಸುತ್ತ ತಾಮ್ರದ ಎಳೆಗಳು ಕೆದರಿ ನಿಂತಿದ್ದವು. ಎರಡೂ ತುದಿಯಲ್ಲಿ ಅವನ್ನು ಬುಡಕ್ಕೆ ಸಮನಾಗಿ ಕತ್ತರಿಸಿ, ಮೇಲೆ ರಬ್ಬರಿನ ನಳಿಗೆ ಏರಿಸಿ, ಚೊಕ್ಕ ಮಾಡಿ ಕೊಟ್ಟೆ. ಇವರು ಬೆರಳಾಡಿಸಿ ನೋಡಿ, "ಚಂದ ಮಾಡಿದಿ" ಎಂದರು. ಕಾವಿಗೆ ಸೀಸ ಕರಗಿಸಿ ಮೂರು ತಂತಿಗಳನ್ನೂ ಮೂರು ಕಡ್ಡಿಗಳಿಗೆ ಬೆಸೆದರು. ಪ್ಲಗ್ಗಿನ ಹಿಂದಿನ ಪಟ್ಟಿ ಬಿಗಿದು ಎಳೆದು ನೋಡಿದರು. ಲಂಗದ ಲಾಡಿಯಂತೆ, ಎಳೆತವೆಲ್ಲ ಪಟ್ಟಿಯ ಮೇಲೆ ಬೀಳಬೇಕು, ಬೆಸುಗೆಯ ಮೇಲೆ ಬೀಳಬಾರದು.

ಶನಿವಾರ ಸಂಜೆ ಬಾಳಗೌಡನನ್ನು ಕರೆದು ಪರೀಕ್ಷೆ ನೋಡಿದರು. ಅವತ್ತು ನನಗೂ ಕೇಳಲೆಂದು ಹೆಡ್‌ಫೋನು ತೆಗೆದು ಸೆಟ್ಟಿನ ಸ್ಪೀಕರನ್ನೇ ದೊಡ್ಡದು ಮಾಡಿದ್ದರು. ಆಚೆ ಶಿವಪ್ಪನ ಮಗ್ಗಗಳು ಹೊಡೆಯುತ್ತಿದ್ದವು. ಇವರು ಕಾಲು ಒತ್ತಿ ನಾಲ್ಕು ಮಾತಾಡಿ ಬಿಟ್ಟರು. ಬಾಳಗೌಡನ ಉತ್ತರ ಬಂತು. ಅವನು ಚೇಷ್ಟೆ ಮಾಡಲಿಲ್ಲ ಎನ್ನುವುದರಲ್ಲೇ ನನಗೆ ತಿಳಿಯಿತು. "ಅಣ್ಣಾರ, ಐತ್ರಿ ಇನ್ನಾ. ಗುಂಯ್ ಅನ್ನೋದು ಹಂಗ ಐತಿ" ಎಂದ.

ಇವರು ಪ್ಲಗ್ಗು ಬಿಚ್ಚಿ ನೋಡಿದರು. ಬೆಸುಗೆ ಸರಿ ಇತ್ತು, ಎಳೆಗಳು ತಮ್ಮ ತಮ್ಮ ಜಾಗದಲ್ಲಿದ್ದವು. ಮತ್ತೆ ಮುಚ್ಚಿದರು. "ಇರ್ಲಿ ಬಿಡು. ಕೇಳ್ಕೋತ ಕುಂದರ್ತೀನಿ" ಎಂದರು. ಸಮಾಧಾನದ ಮಾತನ್ನು ಕೂಗಿ ಹೇಳಲು ಬರುವುದಿಲ್ಲ. ಇಷ್ಟು ವರ್ಷದಲ್ಲಿ ನಾನು ಕಲಿತ ಕಷ್ಟದ ಪಾಠ ಅದು. ಹಾಲು ಬಂತು, ಬಾಗಿಲು ಹಾಕು ಎಂದು ಕೂಗಬಹುದು. ಚಿಂತೆ ಮಾಡಬೇಡಿ ಎಂದು ಕೂಗಿದರೆ ಅದು ಜಗಳದ ಹಾಗೆ ಕೇಳಿಸುತ್ತದೆ. ಮಾಲೆ ಹಿಡಿದು ಜಪಕ್ಕೆ ಕೂತೆ.

ಭಾನುವಾರ ಬೆಳಿಗ್ಗೆ ನೀರು ಸೋಸುವ ಮೊದಲು ಬಾವಿಯ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣು ಹಚ್ಚಿ ತಾಮ್ರದ ಕೊಡ ತಿಕ್ಕುತ್ತಿದ್ದೆ. ಇವರು ಹಲ್ಲುಜ್ಜಲು ಬಂದವರು ನನ್ನ ಕೈ ನೋಡುತ್ತ ನಿಂತರು. ಬೇವಿನ ಕಡ್ಡಿ ಬಾಯಿಂದ ತೆಗೆದರು.

"ಅದ ಏನದು, ತಿಕ್ಕಾಕ ಹಿಡದದ್ದು?"

ಕತ್ತರಿಸಿದ ತಾಮ್ರದ ಎಳೆಗಳು. ಎಸೆಯಲು ಮನಸ್ಸು ಬಂದಿರಲಿಲ್ಲ. ಮುದ್ದೆ ಕಟ್ಟಿ ನಾರಿನ ಜೊತೆ ಇಟ್ಟುಕೊಂಡಿದ್ದೆ. ಚೆನ್ನಾಗಿ ತಿಕ್ಕುತ್ತಿತ್ತು. ಕೈ ಚಾಚಿ ತೋರಿಸಿದೆ. ಇವರು ಮುದ್ದೆ ತಗೊಂಡು ಬಿಡಿಸಿ ನೋಡಿ ಕಟ್ಟೆಯ ಮೇಲೆ ಕೂತರು. ನಗಲು ಶುರು ಮಾಡಿದರು. ಬಹಳ ದಿನದ ಮೇಲೆ ಅವರು ಕಾರಣವಿದ್ದು ನಗುವುದನ್ನು ನೋಡಿದೆ. ಆದರೆ ಕಾರಣ ನನಗೆ ಗೊತ್ತಿರಲಿಲ್ಲ.

"ಸೋಸೋ ಅರಿವೀನ ಹರದು ಕೊಡಾ ತಿಕ್ಕಾಕತ್ತೀಯಲ್ಲ" ಎಂದರು.

ಆಮೇಲೆ ಬಿಡಿಸಿ ಹೇಳಿದರು. ಆ ಹೆಣೆದ ಜಾಳಿಗೆಯೇ ಹೊದಿಕೆ. ಹೊರಗಿನಿಂದ ಬರುವ ಗುಂಯ್ ಸದ್ದನ್ನು ಅದು ಮೇಲೆಯೇ ಹಿಡಿಯುತ್ತದೆ. ಆದರೆ ಹಿಡಿದದ್ದನ್ನು ಇಟ್ಟುಕೊಂಡು ಕೂರುವುದಿಲ್ಲ, ಪ್ಲಗ್ಗಿನ ನೆಲದ ಕಡ್ಡಿಯ ದಾರಿಯಿಂದ ಇಳಿಸಿಬಿಡಬೇಕು. ಅದಕ್ಕೆಂದೇ ಆ ಕೆದರಿದ ಎಳೆಗಳನ್ನು ಹೊಸೆದು ಸೆಟ್ಟಿನ ಕಡೆ ಬೆಸೆಯುವುದು. ನಾನು ದಾರಿಯನ್ನೇ ಕತ್ತರಿಸಿ ರಬ್ಬರು ತೊಡಿಸಿದ್ದೆ. ಅದೂ ಎಷ್ಟು ಚೊಕ್ಕವಾಗಿ ಎಂದರೆ ಇವರ ಬೆರಳಿಗೂ ಸಿಕ್ಕಿರಲಿಲ್ಲ. ನಾನೇ ಅವನ್ನು ನೆಲದ ಕಡ್ಡಿಗೆ ಹೋಗುವ ಹಸಿರು ತಂತಿಯ ಜೊತೆ ಹೊಸೆದಿದ್ದೇನೆ ಎಂದು ಇವರು ತಿಳಿದಿದ್ದರಂತೆ. ಹೊಸೆಯಬೇಕು ಎಂದು ಇವರು ಹೇಳಿರಲಿಲ್ಲ, ಕತ್ತರಿಸಲೇ ಎಂದು ನಾನು ಕೇಳಿರಲಿಲ್ಲ. ಕೂಗುವ ಕಷ್ಟಕ್ಕೆ ಹೆದರಿ ನಾವು ಎಷ್ಟು ಮಾತುಗಳನ್ನು ಹೀಗೆ ನುಂಗಿದ್ದೇವೋ ಏನೋ. ಬೇರೆ ಊರಿನ ಹೆಂಗಸಾಗಿದ್ದರೆ ಆ ಎಳೆಗಳನ್ನು ಕೆದರಿದ ಹಾಗೇ ಬಿಡುತ್ತಿದ್ದಳು.

ಈ ವಿಷಯ ನನಗೆ ತಿಳಿಯಲು ಪುಸ್ತಕ ಬೇಕಾಗಲಿಲ್ಲ. ನೀರು ಸೋಸಿದ ಮೇಲೆ ಬಟ್ಟೆಯನ್ನು ಹಿಂಡಿ ಹಗ್ಗಕ್ಕೆ ಹಾಕುವುದಿಲ್ಲ ನಾವು. ಅದರಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ. ಬಟ್ಟೆಯನ್ನು ತಿರುವಿ, ಸೋಸಿದ ನೀರನ್ನೇ ಅದರ ಮೇಲೆ ಹಾಯಿಸಿ, ಜೀವಾಣಿ ಎನ್ನುವ ಆ ಜೀವಗಳ ನೀರನ್ನು ತಳಕ್ಕೆ ಕೊಂಡಿ ಇರುವ ಪುಟ್ಟ ಗಡಿಗೆಯಲ್ಲಿ ಇಳಿಸಿ ಮತ್ತೆ ಬಾವಿಗೇ ಮುಟ್ಟಿಸುತ್ತೇವೆ. ಬಾವಿಯದು ಬಾವಿಗೆ; ಬೇರೆ ನೀರಿಗೆ ಬಿಡುವ ಹಾಗಿಲ್ಲ. ಸೋಸುವುದು ಅರ್ಧ ಕೆಲಸ, ಮರಳಿಸುವುದು ಇನ್ನರ್ಧ. ಅತ್ತೆಯವರು ಹೇಳಿಕೊಟ್ಟ ಎರಡು ವಿದ್ಯೆಗಳಲ್ಲಿ ನಾನು ಕತ್ತರಿಯದನ್ನು ಬಳಸಿದ್ದೆ, ಬೇಕಾಗಿದ್ದದ್ದು ಬಟ್ಟೆಯದು. ಎರಡೂ ತುದಿಯಲ್ಲಿ ಬೆಸೆದರೆ ಇನ್ನೂ ಗಟ್ಟಿಯಲ್ಲವೇ ಎಂದು ಕೇಳಿದೆ. ಬೇಡ, ಸೆಟ್ಟಿನ ಕಡೆ ಒಂದೇ ಸಾಕು, ಎರಡು ಕಡೆ ದಾರಿ ಕೊಟ್ಟರೆ ಒಮ್ಮೊಮ್ಮೆ ಸದ್ದು ಅದರಲ್ಲೇ ಸುತ್ತು ಹಾಕುತ್ತ ಕೂರುತ್ತದೆ ಎಂದರು. ಅದೂ ನಮ್ಮ ಬಾವಿಯ ನಿಯಮವೇ.

ಸೆಟ್ಟಿನ ಕಡೆಯ ತುದಿಯನ್ನು ನಾಲ್ಕು ಬೆರಳು ಕತ್ತರಿಸಿ ಹೊಸದಾಗಿ ಸುಲಿದೆ. ಈ ಸಲ ಕೆದರಿದ ಎಳೆಗಳನ್ನೆಲ್ಲ ಸೇರಿಸಿ, ದೀಪದ ಬತ್ತಿ ಹೊಸೆದಂತೆ ಹೊಸೆದು ಕೈಯಲ್ಲಿ ಕೊಟ್ಟೆ. ಇದು ಹೊದಿಕೆಯದು ಎಂದು ಕೂಗಿಯೂ ಹೇಳಿದೆ. ಇವರು ಬೆಸೆದರು. ಬಾಳಗೌಡ ಅವತ್ತು ಹಗಲು ಬೇರೆ ಊರಿಗೆ ಹೋಗಿದ್ದ, ನೋಡಿ ಹೇಳುವವರು ಯಾರೂ ಇರಲಿಲ್ಲ. ಸಂಜೆಯೇ ನೋಡಬೇಕು.

ಹೊತ್ತಿರುವಾಗಲೇ ಊಟ ಮಾಡಿದೆವು. ಇವರು ಜೋಳದ ಭಕ್ರಿಯಲ್ಲಿ ಅರ್ಧ ಬಿಟ್ಟರು. ಶಿವಪ್ಪ ಬಾಗಿಲಲ್ಲಿ ಬಂದು, ನಿಲ್ಲಿಸಲೇ ಎಂದು ನನಗೆ ಕೈಸನ್ನೆ ಮಾಡಿದ. ಬೇಡ ಎಂದು ನಾನೂ ಕೈಸನ್ನೆ ಮಾಡಿದೆ. ಮಗ್ಗಗಳು ಹೊಡೆಯುತ್ತಲೇ ಇದ್ದವು. ಇವರು ಟೋಪಿ ಹಾಕಿಕೊಂಡು, ಅದರ ಮೇಲೆ ಹೆಡ್‌ಫೋನು ಏರಿಸಿ ಮೇಜಿನ ಮುಂದೆ ಕೂತರು. ಕಾಣದ ಜನರ ಮುಂದೆ ಮಾತಾಡಲು ಟೋಪಿ ಏಕೆ ಎಂದು ನಾನು ಎಂದೂ ಕೇಳಿಲ್ಲ.

ನಾನು ಅಡಿಗೆಮನೆಯಲ್ಲಿ ಹಾಲು ಕಾಯಿಸಿ ಆರಲು ಇಟ್ಟಿದ್ದೆ. ಹೆಡ್‌ಫೋನು ಹಾಕಿದ ಮೇಲೆ ಆಚೆಯವರ ಮಾತು ಹೊರಗೆ ಕೇಳುವುದಿಲ್ಲ. ನನಗೆ ಕಾಣುವುದು ಇವರ ಬೆನ್ನು ಮಾತ್ರ. ಬೆನ್ನು ಮುಂದಕ್ಕೆ ಬಾಗಿತು, ಸರ್ ಕರೆಯುತ್ತಿದ್ದಾರೆ ಎಂದುಕೊಂಡೆ. ಇವರು ಮಾತಾಡಿದರು: ಯಡ್ರಾವದಿಂದ, ಹೊಳೆ ಪಾತ್ರದಲ್ಲಿದೆ, ಮೋಡವಿದೆ, ಮಳೆ ಇಲ್ಲ. ಮುಗಿಸಿದರು. ಬೆನ್ನು ಅಲ್ಲಾಡಲಿಲ್ಲ. ಇದು ಹೌದೆನ್ನುವ ಬೆನ್ನೋ ಅಲ್ಲವೆನ್ನುವ ಬೆನ್ನೋ ನನಗೆ ತಿಳಿಯಲಿಲ್ಲ. 'ಣಮೋ ಅರಿಹಂತಾಣಂ' ಎಂದು ಶುರು ಮಾಡಿದ ಜಪ ಮುಂದಕ್ಕೆ ಹೋಗಲಿಲ್ಲ. ತಡೆಯಲಾರದೆ ಅಡಿಗೆಮನೆಯ ಬಾಗಿಲಿಗೆ ಬಂದು, ರೂಢಿಯಂತೆ ಗಂಟಲು ಬಿಚ್ಚಿ ಕೂಗಿದೆ:

"ಏನಾತ್ರೀ? ಕೇಳಸ್ತಂತೇನ್ರಿ?"

ಅವರಿಗೆ ಕೇಳಿಸಲಿಲ್ಲ, ತಿರುಗಲಿಲ್ಲ. ಆಗ ನನ್ನ ಕಣ್ಣು ಕೆಳಗೆ ಹೋಯಿತು. ಹೊಲಿಗೆ ಯಂತ್ರದ ಕಾಲುಗುಂಡಿಯ ಮೇಲೆ ಅವರ ಕಾಲು ಇನ್ನೂ ಒತ್ತಿಕೊಂಡೇ ಇತ್ತು. ನನ್ನ ಕೈ ಬಾಯಿಗೆ ಹೋಯಿತು. ಅಷ್ಟರಲ್ಲಿ ಅವರಿಗೂ ನೆನಪಾಗಿ ಕಾಲು ಎತ್ತಿದರು.

ಆಮೇಲೆ ಬಹಳ ಹೊತ್ತು ಕಿವಿಗೊಟ್ಟು ಕೇಳಿದರು. ಭುಜ ಅಲುಗಿತು. ನಗುತ್ತಿದ್ದರು. ಹೆಡ್‌ಫೋನಿನ ಒಂದು ಕಿವಿ ಸರಿಸಿ ನನ್ನ ಕಡೆ ತಿರುಗಿ ಬಾ ಎಂದು ಕರೆದು, ನಿನ್ನೆಯ ಹಾಗೆ ಸ್ಪೀಕರಿನ ಗುಂಡಿ ಒತ್ತಿದರು. ಗಡಹಿಂಗ್ಲಜದಿಂದ ಬಾಳಗೌಡ ಮಾತಾಡುತ್ತಿದ್ದ, ಹಿಂದೆ ನನ್ನ ತಂಗಿ ನಗುವುದೂ ಕೇಳುತ್ತಿತ್ತು.

"ಅಣ್ಣಾರ, ಕೇಳಸ್ತೇನಂತ ಅಕ್ಕಾರ ಅಡಿಗಿಮನ್ಯಾಗಿಂದ ಕೇಳಾಕತ್ತಾರ. ಛಲೋ ಕೇಳಸ್ತಂತ ಅವರಿಗೆ ಹೇಳ್ರಿ. ನಿಮ್ಮದೂ ಕೇಳಸ್ತು, ಅವರದೂ ಕೇಳಸ್ತು. ಮಗ್ಗ ಎಲ್ಲಿ ಹೋದ್ವು?"

ಸರ್ ಕೊಲ್ಲಾಪುರದಿಂದ ನಡುವೆ ಬಂದು, ಮಳೆಗಾಲಕ್ಕೆ ಯಡ್ರಾವದಿಂದ ದಾದಾನೇ ಮಾತಾಡಲಿ ಎಂದು ಗೊತ್ತು ಮಾಡಿದರು. ಮಾತಾಡಿ ಮುಗಿದ ಮೇಲೆ ಕಾಲು ಎತ್ತಬೇಕು ಎಂದೂ ಸೇರಿಸಿದರು.

ಅಡಿಗೆಮನೆಯಿಂದ ಪಡಸಾಲೆಗೆ ನಾಲ್ಕು ಹೆಜ್ಜೆ. ನನ್ನ ಪ್ರಶ್ನೆ ಆ ದಾರಿಯಲ್ಲಿ ಹೋಗಲಾರದೆ, ಹೊಸ ತಂತಿ ಹಿಡಿದು, ಮಾಳಿಗೆ ಹತ್ತಿ, ಗುಡ್ಡ ದಾಟಿ ಗಡಹಿಂಗ್ಲಜಕ್ಕೆ ಹೋಗಿ, ಉತ್ತರ ಕಟ್ಟಿಕೊಂಡು ಅವರ ಕಿವಿಗೆ ಬಂದಿತ್ತು. ದೂರದ ದಾರಿಯೇ. ಆದರೆ ಮುಟ್ಟಿತು. ಮುಟ್ಟಿದ್ದನ್ನು ದಯೆ ಎಂದು ಎಣಿಸಬೇಕು, ದಾರಿಯನ್ನು ಎಣಿಸಬಾರದು.

ಇವರು ಸೆಟ್ಟು ಆರಿಸಿ ನನ್ನ ಹತ್ತಿರ ಬಂದರು. ಕಿವಿ ಕೇಳದವರು ಯಾವಾಗಲೂ ಜೋರಾಗಿ ಮಾತಾಡುತ್ತಾರೆ, ಆದರೆ ಅವತ್ತು ಮೆಲ್ಲಗೆ, ನನಗೊಬ್ಬಳಿಗೇ ಕೇಳುವಷ್ಟು ಹೇಳಿದರು.

"ಕೇಳಸ್ತಂತ."

ತಲೆ ಆಡಿಸಿದೆ. ಹಾಲು ಉಗುರು ಬೆಚ್ಚಗಾಗಿತ್ತು. ಒಂದು ಚಮಚ ಮೊಸರು ಹಾಕಿ ಕದಡಿ, ಮುಚ್ಚಿ, ಹೆಪ್ಪಿಗೆ ಇಟ್ಟೆ.